ಹನ್ನೊಂದನೇ ಪುಟದ ಕೈಗವಸು

ಹವಾಲ್ದಾರರಿಗೆ ನಮಸ್ಕಾರ.

ನಿಮ್ಮ ಹದಿನಾಲ್ಕು ಪುಟದ ಬರಹ ಹೋದ ವಾರ ಕೈಸೇರಿತು. ಕಾರ್ಗಿಲ್ ಯುದ್ಧದ ಹೊತ್ತಲ್ಲಿ, 1999ರ ಜೂನ್ ಕೊನೆಗೆ, ದ್ರಾಸ್ ಮೇಲಿನ ಒಂದು ಶಿಖರವನ್ನು ನಿಮ್ಮ ತುಕಡಿ ರಾತ್ರೋರಾತ್ರಿ ಹತ್ತಿದ ಕಥೆ. ಆ ರಾತ್ರಿಗಾಗಿ ನಿಮಗೆ ಸೇನಾ ಪದಕ ಬಂದಿದೆ. ಬರಹ ಓದಿಸಿಕೊಂಡು ಹೋಗುತ್ತದೆ. ಜೂನ್ 13ಕ್ಕೆ ತೋಲೋಲಿಂಗ್ ಶಿಖರ, ಜುಲೈ 4ಕ್ಕೆ ಟೈಗರ್ ಹಿಲ್ ನಮ್ಮ ಸೇನೆಯ ಕೈಗೆ ಬಂದದ್ದು, ಜುಲೈ 26ಕ್ಕೆ ಯುದ್ಧ ಮುಗಿದದ್ದು, ತಾರೀಖು ಎಲ್ಲ ಸರಿಯಾಗಿವೆ. ಪ್ರಕಟಿಸಬೇಕು ಅಂತಲೇ ನನ್ನ ಮನಸ್ಸು.

ಆದರೆ ಎರಡು ಕಡೆ ನನಗೆ ಸಿಟ್ಟು ಬಂತು. ಅದನ್ನು ಮುಚ್ಚಿಟ್ಟು ಬರೆಯೋಕೆ ಆಗ್ತಿಲ್ಲ, ಬೇಜಾರು ಮಾಡ್ಕೋಬೇಡಿ.

ಮೊದಲು ಒಂಬತ್ತನೇ ಪುಟ. ನಿಮ್ಮ ಸಾಲು ಹೀಗಿದೆ: "ಆಗುಂಬೆಯ ಮಳೆಯಂತೆ ಗುಂಡುಗಳು ಸುರಿಯುತ್ತಿದ್ದರೂ ಪ್ರಾಣದ ಹಂಗು ತೊರೆದು ಸಿಂಹಗಳಂತೆ ಮುನ್ನುಗ್ಗಿದೆವು."

ಆಗುಂಬೆಯ ಮಳೆಯಿಂದಲೇ ಶುರು ಮಾಡ್ತೀನಿ. ನಾನು ತೀರ್ಥಹಳ್ಳಿ ಕಡೆಯವನು, ನೀವು ಹೊಸನಗರದವರು. ಮಳೆ ಅಂದ್ರೆ ಏನು ಅಂತ ಇಬ್ಬರಿಗೂ ಗೊತ್ತು. ಹೆಂಚಿನ ಮೇಲೆ ಒಂದೇ ಸಮ ಬೀಳುವ ಆ ಸದ್ದಿಗೆ ನಮಗೆ ನಿದ್ದೆ ಹತ್ತುತ್ತೆ. ಗುಂಡು ಹಾಗೆ ಬರುತ್ತಾ? ಮೊನ್ನೆ ಫೋನಿನಲ್ಲಿ ಇದನ್ನೇ ಕೇಳಿದೆ. ನೀವು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಿರಿ: "ಇಲ್ಲ ಸಾರ್. ಮೊದಲು ಕಿವಿ ಹತ್ತಿರ ಚಟ್ ಅನ್ನುತ್ತೆ. ಆಮೇಲೆ ದೂರದಲ್ಲಿ ಧಡ್ ಅನ್ನುತ್ತೆ. ಚಟ್ ಕೇಳಿಸ್ತು ಅಂದ್ರೆ ಅದು ನಮ್ಮನ್ನ ದಾಟಿ ಹೋಯ್ತು ಅಂತ. ಚಟ್ಟಿಗೂ ಧಡ್ಡಿಗೂ ನಡುವೆ ಎಷ್ಟು ಹೊತ್ತು ಅಂತ ನೋಡಿದ್ರೆ ಎಷ್ಟು ದೂರದಿಂದ ಹೊಡೀತಿದಾರೆ ಗೊತ್ತಾಗುತ್ತೆ." ಗುಂಡು ಸದ್ದಿಗಿಂತ ಜೋರಾಗಿ ಓಡುತ್ತೆ ಅಂತ ನಾನೂ ಶಾಲೆಯಲ್ಲಿ ಓದಿದ್ದೆ. ಓದಿದ್ದು ಮೈಗೆ ತಾಗಿದ್ದು ಮಾತ್ರ ಮೊನ್ನೆ. ಫೋನಿನಲ್ಲಿ ಅಷ್ಟು ಸಲೀಸಾಗಿ ಹೇಳಿದ್ದನ್ನು ಬರೆಯಲು ಕೂತಾಗ ಯಾಕೆ ಬಿಟ್ಟಿರಿ?

"ಪ್ರಾಣದ ಹಂಗು ತೊರೆದು" ಅಂತ ಬರೆದಿದ್ದೀರಿ. ಪದಕ ಕೊಡುವಾಗ ಓದಿದ ಪತ್ರದಲ್ಲಿ ಇರುವ ಮಾತು ಅದು. ನಿಮ್ಮ ಬಗ್ಗೆ ಬೇರೆಯವರು ಹೇಳಿದ್ದು. ಅವರು ಹೇಳಲಿ, ಹೇಳಲೇಬೇಕು. ನಿಮ್ಮ ಬಾಯಲ್ಲಿ ಅದು ನಿಲ್ಲೋದಿಲ್ಲ. ಯಾಕೆಂದರೆ ಏಳನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಹತ್ತುವ ಮುಂಚೆ ಮನೆಗೆ ಬರೆದ ಇನ್‌ಲ್ಯಾಂಡ್ ಲೆಟರನ್ನು ಎರಡು ಸಲ ಬಿಚ್ಚಿ ಓದಿ ಮತ್ತೆ ಅಂಟಿಸಿದೆ ಅಂತ. ಹಂಗು ತೊರೆದವರು ಹಾಗೆ ಮಾಡಲ್ಲ. ಹಂಗು ಇಟ್ಟುಕೊಂಡೇ ಹತ್ತಿದಿರಿ. ನನಗೆ ಅದು ಇನ್ನೂ ದೊಡ್ಡದು ಅನ್ನಿಸುತ್ತೆ.

ಇನ್ನು ಸಿಂಹಗಳು. ನಮ್ಮ ಕೊಡಚಾದ್ರಿ 1343 ಮೀಟರ್. ಅದನ್ನು ಹತ್ತುವಾಗಲೇ ಏದುಸಿರು ಬರುತ್ತೆ. ಟೈಗರ್ ಹಿಲ್ 5000 ಮೀಟರಿಗಿಂತ ಎತ್ತರ. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನೀವು ಹತ್ತಿದ್ದೂ ಅದರ ನೆರೆಯ ಬೆಟ್ಟವನ್ನೇ. ಬೆನ್ನ ಮೇಲೆ ಮದ್ದುಗುಂಡು, ಮೇಲೆ ಕಲ್ಲಿನ ಗೋಡೆಯ ಹಿಂದೆ ಮೆಷಿನ್ ಗನ್. ಅಲ್ಲಿ ಯಾರು ನುಗ್ತಾರೆ? ಆರನೇ ಪುಟದಲ್ಲಿ ನಿಜ ಇದೆ: "ಹತ್ತು ಹೆಜ್ಜೆಗೊಮ್ಮೆ ಬಂಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದೆವು. ಕೆಮ್ಮು ಬಂದರೆ ತೋಳು ಕಚ್ಚಿಕೊಳ್ಳುತ್ತಿದ್ದೆವು." ಇದನ್ನು ಓದುವಾಗ ನಾನು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ತೋಳು ಕಚ್ಚಿಕೊಂಡ ಮನುಷ್ಯ ಮೂರು ಪುಟ ದಾಟುವಷ್ಟರಲ್ಲಿ ಸಿಂಹ ಆಗಿದ್ದನ್ನು ನನಗೆ ಸಹಿಸೋಕಾಗಲಿಲ್ಲ.

ಈ ಸಿಟ್ಟು ನನಗೆ ಬಂದದ್ದು ಎಲ್ಲಿಂದ ಅಂತ ಹೇಳಬೇಕು. ಶಿವಮೊಗ್ಗದ ಒಂದು ಪತ್ರಿಕೆಯಲ್ಲಿ ನಾನು ಕೆಲಸ ಕಲಿಯಲು ಸೇರಿದ ವರ್ಷ, ಹಳ್ಳಿಯೊಂದಕ್ಕೆ ಯೋಧರೊಬ್ಬರ ಶವ ಬಂತು. ವರದಿಗೆ ನನ್ನನ್ನು ಕಳಿಸಿದರು. ಬಂದು ಬರೆದೆ, "ಇಡೀ ಗ್ರಾಮವೇ ಕಂಬನಿ ಮಿಡಿಯಿತು." ನಮ್ಮ ಹಿರಿಯ ಉಪಸಂಪಾದಕರು ಅದರ ಮೇಲೆ ಕೆಂಪು ಗೆರೆ ಎಳೆದು ಕೇಳಿದರು, "ಗ್ರಾಮ ಹೇಗಯ್ಯಾ ಅಳುತ್ತೆ? ನೀನು ಯಾರನ್ನ ನೋಡಿದೆ?" ತಂದೆಯನ್ನು ನೋಡಿದೆ ಅಂದೆ. ಅವರು ಅಳಲಿಲ್ಲ ಅಂದೆ. "ಮತ್ತೇನು ಮಾಡ್ತಿದ್ರು?"

ಮಳೆಗಾಲದ ಶುರು. ಅಡಿಕೆಗೆ ಕೊಳೆ ರೋಗ ಬರದ ಹಾಗೆ ಔಷಧಿ ಹೊಡೆಯುವ ಸಮಯ. ಸುದ್ದಿ ಬಂದಾಗ ಅವರು ತೋಟದಲ್ಲಿ ಮೈಲುತುತ್ತ, ಸುಣ್ಣ ಕಲೆಸುತ್ತಿದ್ದರಂತೆ. ಉಗುರಿನ ಸಂದಿಯಲ್ಲಿ ನೀಲಿ ಹಾಗೇ ಇತ್ತು. ಮಡಚಿದ ಬಾವುಟ ಕೊಡಲು ಅಧಿಕಾರಿ ಮುಂದೆ ಬಂದು ನಿಂತರೆ, ಇವರು ಎರಡೂ ಕೈಯನ್ನು ಪಂಚೆಗೆ ಒರೆಸುತ್ತಲೇ ಇದ್ದರು. ಒರೆಸಿ ಒರೆಸಿ ಆಮೇಲೆ ಕೈ ಚಾಚಿದರು. ಕಣ್ಣಾರೆ ಕಂಡಿದ್ದೆ, ಆದರೂ ಬರೆದಿರಲಿಲ್ಲ. ಅದು ಸುದ್ದಿಗೆ ಸಾಲದು ಅಂದುಕೊಂಡಿದ್ದೆ. ಆ ರಾತ್ರಿ ಉಪಸಂಪಾದಕರು ನನ್ನನ್ನು ಮನೆಗೆ ಬಿಡದೆ ಅಷ್ಟನ್ನೂ ಬರೆಸಿದರು. ಇವತ್ತಿಗೂ ಆ ಕೈ ನನ್ನ ಕಣ್ಣ ಮುಂದಿದೆ.

ಅದಕ್ಕೇ ಹನ್ನೊಂದನೇ ಪುಟ ನನ್ನನ್ನು ಬಿಡುತ್ತಿಲ್ಲ. ಅಲ್ಲಿ ನಿಮ್ಮ ಗೆಳೆಯ ತೀರಿಕೊಳ್ಳುತ್ತಾರೆ. ನೀವು ಬರೆದಿರುವುದು ಎರಡೇ ಸಾಲು: "ಅಂದು ರಾತ್ರಿ ಅವನ ಎಡಗೈಯಲ್ಲಿದ್ದದ್ದು ನನ್ನ ಕೈಗವಸು. ಬೆಳಗಿನ ಜಾವ ಅವನು ವೀರಸ್ವರ್ಗ ಸೇರಿದ." ಅಲ್ಲಿಂದ ನೇರ ಬಾವುಟ ಹಾರಿಸಿದ ಕಡೆಗೆ ಹೋಗಿಬಿಟ್ಟಿದ್ದೀರಿ.

ಹವಾಲ್ದಾರರೇ, ನಿಮ್ಮ ಕೈಗವಸು ಅವರ ಕೈಗೆ ಯಾಕೆ ಹೋಯಿತು? ಅವರದ್ದು ಎಲ್ಲಿ ಕಳೆದಿತ್ತು? ಅವರು ಕೇಳಿದರೋ, ನೀವೇ ಬಿಚ್ಚಿ ಕೊಟ್ಟಿರೋ? ಆಮೇಲೆ ನಿಮ್ಮ ಬರಿಗೈಯನ್ನು ಏನು ಮಾಡಿದಿರಿ? ಎಡಗೈಯ ಎರಡು ಬೆರಳ ತುದಿಗೆ ಈಗಲೂ ಸ್ಪರ್ಶ ಗೊತ್ತಾಗಲ್ಲ ಅಂತ ಫೋನಿನಲ್ಲಿ ಹೇಳಿದಿರಿ, ಬೇರೆ ಏನೋ ಮಾತಿನ ನಡುವೆ. ಅದು ಆ ರಾತ್ರಿಯದ್ದೇನಾ? ಕೈಗವಸು ನಿಮಗೆ ವಾಪಸ್ ಬಂತಾ, ಅವರ ಜೊತೆಗೇ ಹೋಯಿತಾ?

ವೀರಸ್ವರ್ಗ ಅನ್ನುವ ಮಾತನ್ನು ಅವರ ಮನೆಯವರು ಆಡಲಿ. ಅವರಿಗೆ ಅದು ಆಸರೆ. ನೀವು ಪಕ್ಕದಲ್ಲಿದ್ದವರು. ಕತ್ತಲಿಂದ ಬೆಳಗಿನ ಜಾವದವರೆಗೆ ಆದದ್ದನ್ನು ನೀವು ಬರೆಯದಿದ್ದರೆ ಬರೆಯಲು ಇನ್ನೊಬ್ಬರಿಲ್ಲ. ಕಷ್ಟ ಆಗುತ್ತೆ ಅಂತ ಗೊತ್ತು. ಎಲ್ಲ ಒಂದೇ ದಿನ ಬರೆಯಬೇಡಿ.

ಒಂಬತ್ತನೇ ಪುಟದ ಆ ಸಾಲು ತಿದ್ದಿ, ಉಳಿದ ಪುಟಗಳನ್ನು ಮುಟ್ಟಬೇಡಿ. ಹನ್ನೊಂದನೆಯದನ್ನು ಮಾತ್ರ ಪೂರ್ತಿ ಮತ್ತೆ ಬರೆಯಿರಿ, ಎಷ್ಟು ಉದ್ದವಾದರೂ ಸರಿ, ಜಾಗ ನಾನು ಮಾಡಿಕೊಡ್ತೀನಿ. ಅಡಿಕೆಯ ಕೊನೆಕೊಯ್ಲು ಶುರುವಾದರೆ ನಿಮಗೆ ಪುರುಸೊತ್ತು ಸಿಗಲ್ಲ ಅಂತ ಗೊತ್ತು. ಅಷ್ಟರೊಳಗೆ ಕಳಿಸಿ.