ಅಪ್ಪನಿಗೆ ಕುಡಿತದ ಚಟವಿದ್ದರೆ ಮಕ್ಕಳಿಗೂ ಬರುತ್ತದೆಯೇ?

ಚಟ ಹುಟ್ಟಿನಿಂದಲೇ ಬರುವುದಿಲ್ಲ, ಆದರೆ ಚಟಕ್ಕೆ ಬೇಗ ಸಿಕ್ಕಿಬೀಳುವ ಗುಣ ಬರಬಹುದು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ, ಕುಡಿತದ ಚಟಕ್ಕೆ ಬೀಳುವ ಅಪಾಯ ಒಬ್ಬರಿಂದ ಒಬ್ಬರಿಗೆ ಬದಲಾಗುವುದಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಕಾರಣ ಜೀನ್‌ಗಳು, ಅಂದರೆ ವಂಶವಾಹಿಗಳು. ಮನೆಯಲ್ಲಿ ನೋಡಿ ಕಲಿಯೋದಷ್ಟೇ ಅಲ್ವಾ ಅಂತ ಕೇಳಬಹುದು. ಅಲ್ಲ. ಚಿಕ್ಕಂದಿನಲ್ಲೇ ದತ್ತು ಹೋಗಿ ಬೇರೆ ಮನೆಯಲ್ಲಿ ಬೆಳೆದವರಲ್ಲೂ, ಹೆತ್ತವರಿಗೆ ಚಟವಿದ್ದರೆ ಅಪಾಯ ಜಾಸ್ತಿ ಕಂಡುಬಂದಿದೆ.

ಹಾಗಂತ ಒಂದೇ ಒಂದು ‘ಕುಡುಕ ಜೀನ್’ ಇಲ್ಲ. ಬಹಳಷ್ಟು ಜೀನ್‌ಗಳು ಸೇರಿ, ಒಂದೊಂದೂ ಚೂರುಚೂರು ಪ್ರಭಾವ ಬೀರುತ್ತವೆ. ಡ್ರಗ್ಸ್ ವಿಷಯದಲ್ಲೂ ಹೀಗೆಯೇ.

ಚೆನ್ನಾಗಿ ಗೊತ್ತಿರುವ ಉದಾಹರಣೆ ಲಿವರ್‌ನದು. ಅದು ಮದ್ಯವನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಮಾರ್ಪಡಿಸಿ, ಆಮೇಲೆ ಆ ವಿಷವನ್ನು ಕಳೆಯುತ್ತದೆ. ಈ ಎರಡನೇ ಕೆಲಸಕ್ಕೆ ಬೇಕಾದ ಎಎಲ್‌ಡಿಎಚ್‌2 ಜೀನ್ ಪೂರ್ವ ಏಷ್ಯಾದ ಬಹಳ ಜನರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಂಥವರಿಗೆ ಒಂದು ಗ್ಲಾಸ್ ಕುಡಿದರೂ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಹೊಟ್ಟೆ ತೊಳಸುತ್ತದೆ, ಹಾಗಾಗಿ ಚಟ ಹತ್ತುವುದು ಕಡಿಮೆ.

ಇನ್ನು ಕೆಲವರಿಗೆ ಎಷ್ಟು ಕುಡಿದರೂ ಬೇಗ ಏರುವುದಿಲ್ಲ. ‘ನನಗೇನೂ ಆಗಲ್ಲ’ ಅಂತ ಹೆಮ್ಮೆಪಡುವ ಇವರಿಗೇ ಅಪಾಯ ಹೆಚ್ಚು, ಯಾಕಂದರೆ ಸಾಕು ಅನ್ನುವ ಸೂಚನೆ ದೇಹದಿಂದ ತಡವಾಗಿ ಬರುತ್ತದೆ, ಅಷ್ಟರಲ್ಲಿ ಜಾಸ್ತಿಯೇ ಒಳಗೆ ಹೋಗಿರುತ್ತದೆ. ನಿಮ್ಮ ಮನೆಯಲ್ಲಿ ಚಟವಿದ್ದವರು ಇದ್ದರೆ ದಯವಿಟ್ಟು ಇದನ್ನು ಗಮನಿಸಿ, ಅದರಲ್ಲೂ ಹದಿಹರೆಯದಲ್ಲಿ ಕುಡಿತ ಶುರುಮಾಡಲೇಬೇಡಿ.