ಉದ್ದನೆಯ ಲೆನ್ಸ್ ಹಾಕಿದಾಗ ವ್ಯೂಫೈಂಡರಿನ ಚಿತ್ರ ತಡವಾಗಿ ಬರುವುದೇಕೆ?

ಮುನಿರಾಬಾದಿನ ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ಸಂಜೆ ಹೊತ್ತು 600 ಮಿ.ಮೀ. ಲೆನ್ಸನ್ನು ಟ್ರೈಪಾಡಿಗೆ ಕೂಡಿಸಿ ರೀವ (ಟರ್ನ್) ಹಕ್ಕಿಗಳನ್ನು ಹಿಂಬಾಲಿಸುವಾಗ ವ್ಯೂಫೈಂಡರಿನ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯ, ಚಿತ್ರ ಹಿಂದೆ ಬೀಳುತ್ತದೆ, ಸಣ್ಣ ಲೆನ್ಸಿನಲ್ಲಿ ಈ ತೊಂದರೆ ಕಾಣುವುದಿಲ್ಲ, ಹಾಗಾದರೆ ಲೆನ್ಸ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ನಾನೂ ಅದೇ ದಂಡೆಯಲ್ಲಿ ಇಂಥದೇ ಲೆನ್ಸ್ ಬಳಸುವವನು. ಗಾಜಿಗೆ ಬೆಳಕನ್ನು ತಡೆದು ನಿಲ್ಲಿಸುವ ಶಕ್ತಿಯಿಲ್ಲ. ಆದ್ದರಿಂದ ಲೆನ್ಸನ್ನು ಮಾರುವ ಯೋಚನೆ ಸದ್ಯಕ್ಕೆ ಬೇಡ.

ಹೆಚ್ಚಿನ ಪಾಲು ಕಾರಣ ಸಂಜೆಯ ಬೆಳಕಿನ ಕೊರತೆ. ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾದಲ್ಲಿ ನೀವು ನೋಡುವುದು ಹಕ್ಕಿಯನ್ನಲ್ಲ, ಬೆಳಕನ್ನು ಗ್ರಹಿಸುವ ಸೆನ್ಸರ್ ಓದಿ, ಸಂಸ್ಕರಿಸಿ, ಪುಟ್ಟ ಪರದೆಯ ಮೇಲೆ ಮೂಡಿಸಿದ ಚಿತ್ರಗಳ ಸಾಲನ್ನು. ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದರೆ ಒಂದೊಂದಕ್ಕೂ ಹೆಚ್ಚೆಂದರೆ 1/60 ಸೆಕೆಂಡಿನಷ್ಟು ಬೆಳಕು ಸಿಗುತ್ತದೆ. ಅದು ಸಾಲದಾದಾಗ ಅನೇಕ ಕ್ಯಾಮೆರಾಗಳು ಪ್ರತಿ ಚಿತ್ರಕ್ಕೂ ಹೆಚ್ಚು ಸಮಯ ತೆಗೆದುಕೊಂಡು ವೇಗವನ್ನು ತಾವಾಗಿಯೇ ಇಳಿಸಿಬಿಡುತ್ತವೆ. ಲೆನ್ಸಿನ ಎಫ್ ಸಂಖ್ಯೆ ಹೆಚ್ಚಿದಷ್ಟೂ ಒಳಬರುವ ಬೆಳಕು ಕಡಿಮೆ. ಎಫ್/1.8ರ ಸಣ್ಣ ಲೆನ್ಸಿಗೆ ಹೋಲಿಸಿದರೆ ಎಫ್/6.3ರ ಉದ್ದನೆಯ ಲೆನ್ಸ್ ಸೆನ್ಸರಿಗೆ ಸುಮಾರು 12 ಪಟ್ಟು ಕಡಿಮೆ ಬೆಳಕನ್ನು ಕೊಡುತ್ತದೆ. ಅದರ ಹಿಂದೆ 1.4 ಪಟ್ಟಿನ ಟೆಲಿಕನ್ವರ್ಟರ್ (ಚಿತ್ರವನ್ನು ದೊಡ್ಡದಾಗಿಸುವ ಜೋಡಣೆ) ಸೇರಿಸಿದರೆ ಉಳಿದದ್ದೂ ಅರ್ಧವಾಗುತ್ತದೆ. ಸಣ್ಣ ಲೆನ್ಸಿನಲ್ಲಿ ತೊಂದರೆ ಕಾಣದಿರುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಉದ್ದನೆಯ ಲೆನ್ಸಿನ ಕಿರಿದಾದ ನೋಟ. ಫುಲ್‌ಫ್ರೇಮ್ (36 ಮಿ.ಮೀ. ಅಗಲದ ಸೆನ್ಸರಿನ) ಕ್ಯಾಮೆರಾದಲ್ಲಿ 600 ಮಿ.ಮೀ. ಲೆನ್ಸಿನ ಅಡ್ಡ ನೋಟ ಸುಮಾರು 3.4 ಡಿಗ್ರಿ ಮಾತ್ರ. ಸೆಕೆಂಡಿಗೆ 20 ಡಿಗ್ರಿಯಂತೆ ಲೆನ್ಸ್ ತಿರುಗಿಸುತ್ತಿದ್ದರೆ 1/20 ಸೆಕೆಂಡಿನ ವಿಳಂಬವೆಂದರೆ ಒಂದು ಡಿಗ್ರಿ, ಅಂದರೆ ಚೌಕಟ್ಟಿನ ಮೂರನೇ ಒಂದು ಭಾಗದಷ್ಟು ಹಕ್ಕಿ ಆಚೆ ಹೋಗಿರುತ್ತದೆ. ಸಣ್ಣ ಲೆನ್ಸಿನಲ್ಲಿಯೂ ಅಷ್ಟೇ ವಿಳಂಬ ಇರಬಹುದು, ಕಣ್ಣಿಗೆ ಬೀಳುವುದಿಲ್ಲ.

ಪರೀಕ್ಷೆ ಸುಲಭ. ಅದೇ ಲೆನ್ಸ್, ಅದೇ ಟ್ರೈಪಾಡಿನೊಂದಿಗೆ ಬೆಳಿಗ್ಗೆ ಒಂಬತ್ತರ ಬಿಸಿಲಿನಲ್ಲಿ ನೋಡಿರಿ. ವಿಳಂಬ ಮಾಯವಾದರೆ ದೋಷ ಬೆಳಕಿನದು. ಆಗ ಮೆನುವಿನಲ್ಲಿ ವಿದ್ಯುತ್ ಉಳಿತಾಯದ ಆಯ್ಕೆಯನ್ನು ಬಿಟ್ಟು ವೇಗದ ಆಯ್ಕೆಗೆ ಹೋಗಬೇಕು: ಕ್ಯಾನನ್‌ನ ಹಲವು ಮಾದರಿಗಳಲ್ಲಿ ಡಿಸ್‌ಪ್ಲೇ ಪರ್ಫಾರ್ಮೆನ್ಸ್ ಎಂಬಲ್ಲಿ ಸ್ಮೂತ್, ಸೋನಿಯ ಹಲವು ಮಾದರಿಗಳಲ್ಲಿ ಫೈಂಡರ್ ಫ್ರೇಮ್ ರೇಟ್ ಎಂಬಲ್ಲಿ ಹೈ. ಎಕ್ಸ್‌ಪೋಶರ್ ಮುನ್ನೋಟವನ್ನೂ (ತೆಗೆಯಲಿರುವ ಚಿತ್ರದ ಬೆಳಕನ್ನು ಮೊದಲೇ ತೋರಿಸುವ ಸೌಲಭ್ಯ) ಆಫ್ ಮಾಡಿ ನೋಡಿ. ಇದಕ್ಕೆಲ್ಲ ಬ್ಯಾಟರಿ ಬೇಗ ಮುಗಿಯುತ್ತದೆ, ಜೇಬಿನಲ್ಲಿ ಇನ್ನೊಂದಿರಲಿ.

ಬಿಸಿಲಿನಲ್ಲಿಯೂ ಚಿತ್ರ ಹಿಂದುಳಿದರೆ ನನ್ನ ಅನುಮಾನ ಲೆನ್ಸಿನ ಸ್ಟೆಬಿಲೈಸೇಶನ್ (ಕೈನಡುಕ ತಡೆಯುವ ವ್ಯವಸ್ಥೆ) ಮೇಲೆ. ನೀವು ಬೇಕೆಂದೇ ತಿರುಗಿಸಿದ್ದನ್ನು ಅದು ಕೈನಡುಕವೆಂದು ತಿಳಿದು ಮೊದಲು ಚಿತ್ರವನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಥಟ್ಟನೆ ಬಿಟ್ಟುಕೊಡುತ್ತದೆ. ತಿರುಗಿಸುವುದನ್ನು ನಿಲ್ಲಿಸಿದ ಮೇಲೂ ಚಿತ್ರ ಒಂದಿಷ್ಟು ತೇಲಿ ನಿಲ್ಲುವುದು ಇದರ ಗುರುತು. ಸ್ಟೆಬಿಲೈಸೇಶನ್ನನ್ನು ಪೂರ್ತಿ ಆಫ್ ಮಾಡಿ ಅಥವಾ ಪ್ಯಾನಿಂಗ್‌ಗೆಂದು (ಲೆನ್ಸನ್ನು ತಿರುಗಿಸುತ್ತ ಹಿಂಬಾಲಿಸುವುದಕ್ಕೆಂದು) ಇರುವ ಮೋಡ್‌ಗೆ ತನ್ನಿ. ಡಿಎಸ್‌ಎಲ್‌ಆರ್‌ನ ಕನ್ನಡಿಯ ವ್ಯೂಫೈಂಡರಿನಲ್ಲಿಯೂ ಇದು ಕಾಣಿಸುತ್ತದೆ.

ಟ್ರೈಪಾಡ್ ಹೆಡ್ಡಿನ ಪ್ಲೇಟ್ ಸಡಿಲವಿದ್ದರೂ ಹೀಗೆಯೇ ಭಾಸವಾದೀತು. ಎಲ್ಲ ತಿರುಪುಗಳನ್ನು ಬಿಗಿದು ಲೆನ್ಸಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಗೊತ್ತಾಗುತ್ತದೆ. ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನ ಬಂಡೆಗಳ ಮೇಲಿನ ಬಿಸಿಗಾಳಿಯಿಂದ ಚಿತ್ರ ಅಲುಗಾಡುವುದು ಬೇರೆಯದೇ ಸಂಗತಿ, ಅದಕ್ಕೆ ಯಾವ ಮೆನುವಿನಲ್ಲಿಯೂ ಮದ್ದಿಲ್ಲ.

ಸೂರ್ಯ ಮುಳುಗಿದ ಮೇಲೂ ಹಾರುವ ಹಕ್ಕಿಯೇ ಬೇಕೆನ್ನುವುದಾದರೆ ಹೊಸ ಕ್ಯಾಮೆರಾಕ್ಕಿಂತ ಮೊದಲು ಫ್ಲ್ಯಾಶ್ ಕೂಡಿಸುವ ಜಾಗದಲ್ಲಿ ಒಂದು ಡಾಟ್ ಸೈಟ್ (ಕೆಂಪು ಚುಕ್ಕೆ ತೋರಿಸಿ ಗುರಿ ಹಿಡಿಯಲು ನೆರವಾಗುವ ಪುಟ್ಟ ಸಾಧನ) ಹಾಕಿಕೊಳ್ಳಿ. ಬರಿಯ ಕಣ್ಣಿನ ನೋಟವಾದ್ದರಿಂದ ಅದರಲ್ಲಿ ವಿಳಂಬವೇ ಇಲ್ಲ. ಹಗಲಿನಲ್ಲಿ ದೂರದ ಕಂಬವೊಂದಕ್ಕೆ ಗುರಿಯಿಟ್ಟು ಅದರ ಕೆಂಪು ಚುಕ್ಕೆಯನ್ನೂ ಲೆನ್ಸಿನ ನಡುವನ್ನೂ ಒಂದೇ ಕಡೆಗೆ ಹೊಂದಿಸಿಟ್ಟುಕೊಂಡಿರಬೇಕು.