ಬಸ್ಸು, ಮೆಟ್ರೊ, ರೈಲು: ಹೊಂದಿಸುವ ಹೊಣೆ ಯಾರದು?

ಪ್ರಶ್ನೆ: ಬೆಂಗಳೂರಿನ ಬಸ್ಸು, ಮೆಟ್ರೊ ಮತ್ತು ರೈಲುಗಳನ್ನು ಒಟ್ಟಾಗಿ ಯೋಜಿಸುವ ಸಂಸ್ಥೆ ಇಲ್ಲವೇ? – ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಕಾನೂನಿನ ಮಟ್ಟಿಗೆ ಇದೆ. ದೊಡ್ಡ ನಗರಗಳಿಗೆ ಏಕೀಕೃತ ಸಾರಿಗೆ ಪ್ರಾಧಿಕಾರ ಬೇಕೆಂದು ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿದ್ದು 2006ರಲ್ಲಿ. ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಮಸೂದೆಯನ್ನು ನಮ್ಮ ವಿಧಾನಮಂಡಲ ಅಂಗೀಕರಿಸುವ ಹೊತ್ತಿಗೆ 2022ರ ಡಿಸೆಂಬರ್ ಬಂದಿತ್ತು. ಹದಿನಾರು ವರ್ಷವೆಂದರೆ ಕಡಿಮೆ ಕಾಲವೇನಲ್ಲ.

ತೊಡಕು ಅರ್ಥವಾಗಬೇಕಾದರೆ ಮೆಜೆಸ್ಟಿಕ್‌ನಲ್ಲಿ ಒಮ್ಮೆ ನಿಂತು ನೋಡಬೇಕು. ಬಸ್ ನಿಲ್ದಾಣ, ನೆಲದಡಿಯ ಮೆಟ್ರೊ, ರಸ್ತೆಯಾಚೆಯ ರೈಲು ನಿಲ್ದಾಣ, ಮೂರೂ ಕೂಗಳತೆಯಲ್ಲಿವೆ. ಆದರೆ ಬಸ್ಸಿನ ದರಕ್ಕೆ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು, ಮೆಟ್ರೊ ದರವನ್ನು 2002ರ ಕೇಂದ್ರ ಕಾಯ್ದೆಯಡಿ ರಚಿತವಾಗುವ ಸಮಿತಿ ನಿರ್ಧರಿಸುತ್ತದೆ, ರೈಲಿನ ದರ ರೈಲ್ವೆಯದು. ಮೆಟ್ರೊ ನಿಗಮದಲ್ಲಿ ಕೇಂದ್ರ ಮತ್ತು ರಾಜ್ಯಗಳಿಗೆ ಸಮಪಾಲಿದೆ. ಹೀಗಾಗಿ ರಾಜ್ಯದ ಪ್ರಾಧಿಕಾರವೊಂದು ಎಲ್ಲರಿಗೂ ಆದೇಶ ಕೊಡುವುದು ಹೇಳಿದಷ್ಟು ಸುಲಭವಲ್ಲ.

ಲಂಡನ್ನಿನಲ್ಲಿ 2000ದಲ್ಲಿ ಆರಂಭವಾದ ಸಾರಿಗೆ ಸಂಸ್ಥೆಯು ಮೇಯರ್ ಅಧೀನದಲ್ಲಿದ್ದು, ಬಸ್ಸುಗಳ ಜೊತೆಗೆ ಪ್ರಮುಖ ರಸ್ತೆಗಳನ್ನೂ ನೋಡಿಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಪ್ರಾಧಿಕಾರಕ್ಕೆ ಮೊದಲು ಬೇಕಾದದ್ದು ಇನ್ನೊಂದು ವರದಿಯಲ್ಲ, ಸ್ವಂತ ನಿಧಿ ಮತ್ತು ಯಾವುದೇ ಸಾರಿಗೆ ಯೋಜನೆಗೆ ಹಣ ಬಿಡುಗಡೆಯಾಗುವ ಮುನ್ನ ಅದನ್ನು ಪರಿಶೀಲಿಸಿ ತಡೆಯಬಲ್ಲ ಅಧಿಕಾರ.